ಹಣೆಯ ಬೂದಿ, ಕೈಯ ಜಪಸರ: ಬೆಂಗಳೂರಿನ ದಿನನಿತ್ಯದಲ್ಲಿ ಕಥೋಲಿಕ ನಂಬಿಕೆ

ವರ್ಷಕ್ಕೊಂದು ಬುಧವಾರ ಆಫೀಸಿನಲ್ಲಿ ಯಾರಾದರೂ ನನ್ನ ಹಣೆ ನೋಡಿ ಹೇಳುತ್ತಾರೆ, "ಏನ್ರೀ, ಹಣೆಗೆ ಏನೋ ಕಪ್ಪಗೆ ಹತ್ತಿದೆ, ಒರೆಸಿಕೊಳ್ಳಿ." ಅದು ಬೂದಿ, ಬೆಳಿಗ್ಗೆ ಚರ್ಚಿನಲ್ಲಿ ಹಚ್ಚಿದ್ದು ಅನ್ನುತ್ತೇನೆ. "ಓ, ವಿಭೂತಿನಾ? ನಿಮ್ಮಲ್ಲೂ ಇದೆಯಾ?" ಅಂತ ಆಶ್ಚರ್ಯಪಡುತ್ತಾರೆ. ಇದೆ. ಕನ್ನಡ ಕಥೋಲಿಕರು ಆ ದಿನವನ್ನು ಕರೆಯುವುದೇ ವಿಭೂತಿ ಬುಧವಾರ ಎಂದು.

ಆ ಬೂದಿ ಎಲ್ಲಿಂದ ಬರುತ್ತದೆ ಗೊತ್ತಾ? ಹಿಂದಿನ ವರ್ಷದ ಗರಿಗಳ ಭಾನುವಾರ ಚರ್ಚಿನಲ್ಲಿ ಎಲ್ಲರ ಕೈಗೂ ಒಂದೊಂದು ಗರಿ ಕೊಡುತ್ತಾರೆ. ಯೇಸು ಜೆರುಸಲೇಮಿಗೆ ಬಂದಾಗ ಜನ ಗರಿ ಹಿಡಿದು ಜೈಕಾರ ಹಾಕಿದ ನೆನಪಿಗೆ. ಅದನ್ನು ಮನೆಗೆ ತಂದು ಶಿಲುಬೆಯ ಹಿಂದೆ ಸಿಕ್ಕಿಸುತ್ತೇವೆ. ವರ್ಷವಿಡೀ ಅಲ್ಲೇ ಒಣಗುತ್ತದೆ. ಮುಂದಿನ ವರ್ಷ ಅದನ್ನೇ ವಾಪಸ್ ಚರ್ಚಿಗೆ ಕೊಟ್ಟರೆ ಸುಟ್ಟು ಬೂದಿ ಮಾಡುತ್ತಾರೆ. ಫಾದರ್ ಹೆಬ್ಬೆರಳಿನಿಂದ ಹಣೆಯ ಮೇಲೆ ಶಿಲುಬೆ ಗುರುತು ಹಾಕುತ್ತಾ, ನೀನು ಮಣ್ಣು, ಮಣ್ಣಿಗೇ ಮರಳುವೆ, ನೆನಪಿರಲಿ ಅನ್ನುತ್ತಾರೆ. ಅಲ್ಲಿಂದ ತಪಸ್ಸುಕಾಲ ಶುರು. ಭಾನುವಾರಗಳನ್ನು ಬಿಟ್ಟು 40 ದಿನ. ನಮ್ಮ ಮನೆಯಲ್ಲಿ ಅಷ್ಟು ದಿನವೂ ಮಾಂಸ ಮಾಡುವುದಿಲ್ಲ. ಕೆಲವು ಮನೆಗಳಲ್ಲಿ ಶುಕ್ರವಾರ ಮಾತ್ರ ಬಿಡುತ್ತಾರೆ.

ಈ ಬುಧವಾರ ಪ್ರತಿ ವರ್ಷ ಬೇರೆ ತಾರೀಖಿಗೆ ಬರುವುದಕ್ಕೂ ಕಾರಣ ಇದೆ. ತಪಸ್ಸುಕಾಲ ಮುಗಿಯುವುದು ಈಸ್ಟರ್ ಹಬ್ಬಕ್ಕೆ, ಆ ಹಬ್ಬ ಚಂದ್ರನನ್ನು ನೋಡಿಕೊಂಡು ನಿಲ್ಲುತ್ತದೆ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ, ಆ ಹುಣ್ಣಿಮೆ ಕಳೆದು ಬರುವ ಮೊದಲ ಭಾನುವಾರ. ಯುಗಾದಿ ಯಾಕೆ ವರ್ಷವರ್ಷ ಸರಿಯುತ್ತದೆ ಎಂದು ತಿಳಿದವರಿಗೆ ಇದು ಬಿಡಿಸಿ ಹೇಳಬೇಕಾದ ವಿಷಯವೇ ಅಲ್ಲ.

ಬೂದಿಯಿಂದ ಶುರು ಮಾಡಿದ್ದು ಸುಮ್ನೆ ಅಲ್ಲ. ಕಥೋಲಿಕ ನಂಬಿಕೆ ಅಂದರೆ ಏನು ಎಂದು ಕೇಳಿದವರಿಗೆ ನಾನು ಮೊದಲು ಹೇಳುವುದು ಇದನ್ನೇ: ಇದು ಮುಟ್ಟುವ ನಂಬಿಕೆ. ನೀರು, ಎಣ್ಣೆ, ರೊಟ್ಟಿ, ದ್ರಾಕ್ಷಾರಸ, ಮೇಣ, ಬೂದಿ, ಮಣಿ, ಧೂಪ. ದೇವರು ಮನುಷ್ಯನಾಗಿ ಹುಟ್ಟಿದ, ಅವನಿಗೆ ಹಸಿವಾಗುತ್ತಿತ್ತು, ಕಾಲು ನೋಯುತ್ತಿತ್ತು, ಒಬ್ಬ ತಾಯಿ ಇದ್ದಳು ಎಂದು ನಾವು ನಂಬುತ್ತೇವೆ. ದೇವರೇ ಮೈ ತಳೆದು ಬಂದ ಮೇಲೆ, ಮೈಗೆ ತಾಗುವ ವಸ್ತುಗಳೂ ಅವನನ್ನು ನಮ್ಮ ತನಕ ತರಬಲ್ಲವು ಎಂಬುದು ಇದರ ಬೇರು. ಹಾಗಾಗಿಯೇ ಈ ನಂಬಿಕೆ ಚರ್ಚಿನ ಗೋಡೆಯೊಳಗೆ ನಿಲ್ಲುವುದಿಲ್ಲ. ಬೀದಿಗೆ ಬರುತ್ತದೆ, ಅಡುಗೆಮನೆಗೆ ಬರುತ್ತದೆ, ಸಿನಿಮಾಕ್ಕೂ ಹೋಗುತ್ತದೆ. ವಸ್ತು ಎಲ್ಲ ಕಡೆ ಕಾಣುತ್ತದೆ, ಅದರ ಅರ್ಥ ಮಾತ್ರ ಎಷ್ಟೋ ಸಲ ಹಿಂದೆ ಉಳಿದುಬಿಡುತ್ತದೆ. ಆ ಅರ್ಥವನ್ನು ಸ್ವಲ್ಪ ಬಿಡಿಸಿ ಹೇಳಬೇಕು ಎಂದು ನನಗೆ ತುಂಬ ದಿನದಿಂದ ಅನ್ನಿಸುತ್ತಿತ್ತು.

ಮೊದಲು ಎಲ್ಲರಿಗೂ ಗೊಂದಲ ಆಗುವ ಒಂದು ಜಾಗ. ಭಾನುವಾರ ಗೆಳೆಯರು ಜೊತೆಗೆ ಚರ್ಚಿಗೆ ಬರುತ್ತಾರೆ. ಪೂಜೆಯ ಕೊನೆಕೊನೆಗೆ ಜನ ಸಾಲಾಗಿ ಮುಂದೆ ಹೋಗಿ ತೆಳ್ಳನೆಯ ಬಿಳಿ ರೊಟ್ಟಿ ತೆಗೆದುಕೊಳ್ಳುತ್ತಾರೆ. ಗೆಳೆಯರೂ ಏಳುತ್ತಾರೆ. ಪ್ರಸಾದ ಅಲ್ವಾ, ಎಲ್ಲರಿಗೂ ಕೊಡಬೇಕಲ್ವಾ? ಆಗ ಪಕ್ಕದಲ್ಲಿದ್ದವರು ಮೆಲ್ಲಗೆ ಬೇಡ ಅನ್ನುತ್ತಾರೆ. ಗೆಳೆಯರಿಗೆ ಬೇಜಾರಾಗುತ್ತದೆ. ನಾವು ಅದನ್ನು ಕನ್ನಡದಲ್ಲಿ ಪರಮಪ್ರಸಾದ ಅನ್ನುವುದರಿಂದ ಗೊಂದಲ ಇನ್ನೂ ಜಾಸ್ತಿ.

ವಿಷಯ ಹೀಗಿದೆ. ಚರ್ಚಿನಲ್ಲಿ ಏಳು ಸಂಸ್ಕಾರಗಳಿವೆ. ಮಗುವಿಗೆ ನೀರು ಹಾಕುವ ಜ್ಞಾನಸ್ನಾನ, ಆ ನಂಬಿಕೆಯನ್ನು ಗಟ್ಟಿಮಾಡುವ ದೃಢೀಕರಣ, ಪರಮಪ್ರಸಾದ, ಫಾದರ್ ಮುಂದೆ ತಪ್ಪೊಪ್ಪಿಕೊಳ್ಳುವ ಪಾಪನಿವೇದನೆ, ರೋಗಿಗಳಿಗೆ ಎಣ್ಣೆ ಹಚ್ಚುವುದು, ಮದುವೆ, ಫಾದರ್ ಆಗುವವರಿಗೆ ಕೊಡುವ ಗುರುದೀಕ್ಷೆ. ಇವುಗಳ ನಡುವೆ ಪರಮಪ್ರಸಾದ ಎಲ್ಲಕ್ಕೂ ಮೇಲೆ. ಪೂಜೆಯಲ್ಲಿ ಆ ರೊಟ್ಟಿ ನಿಜವಾಗಿಯೂ ಕ್ರಿಸ್ತನ ದೇಹವಾಗುತ್ತದೆ ಎಂದು ನಾವು ನಂಬುತ್ತೇವೆ. ಬಣ್ಣ ಅದೇ, ರುಚಿ ಅದೇ. ಆದರೆ ಅದು ಏನು ಎಂಬುದೇ ಬದಲಾಗಿರುತ್ತದೆ. ಅದನ್ನು ಸ್ವೀಕರಿಸುವುದು ಎಂದರೆ ಈ ನಂಬಿಕೆಗೆಲ್ಲ ಹೌದು ಎಂದು ಎಲ್ಲರ ಮುಂದೆ ಹೇಳಿದ ಹಾಗೆ. ಹಾಗೆ ಹೇಳಲು ತಯಾರಿ ಬೇಕು. ಕಥೋಲಿಕರ ಮಕ್ಕಳಿಗೂ ತಿಂಗಳುಗಟ್ಟಲೆ ಪಾಠ ಆದ ಮೇಲೆಯೇ ಮೊದಲ ಪರಮಪ್ರಸಾದ. ದೊಡ್ಡ ಪಾಪ ಮಾಡಿದೆ ಎಂದು ಮನಸ್ಸು ಚುಚ್ಚುತ್ತಿದ್ದರೆ ಕಥೋಲಿಕರೂ ಪಾಪನಿವೇದನೆ ಮಾಡದೆ ಆ ಸಾಲಿಗೆ ಹೋಗಬಾರದು. ಇದನ್ನು ಬಿಟ್ಟರೆ ಮೇಣದ ಬತ್ತಿ ಹಚ್ಚುವುದು, ಕೂತು ಪ್ರಾರ್ಥಿಸುವುದು, ಫಾದರ್ ಹತ್ತಿರ ತಲೆ ಮೇಲೆ ಕೈ ಇರಿಸಿಕೊಂಡು ಆಶೀರ್ವಾದ ಪಡೆಯುವುದು, ಎಲ್ಲವೂ ಎಲ್ಲರಿಗೂ ತೆರೆದಿದೆ. ಯಾರೂ ಜಾತಿ, ಧರ್ಮ ಕೇಳುವುದಿಲ್ಲ.

ಗುರುವಾರ ವಿವೇಕನಗರಕ್ಕೆ ಹೋದರೆ ಇದು ಕಣ್ಣಿಗೇ ಕಾಣುತ್ತದೆ. ಬಾಲ ಯೇಸುವಿನ ಚರ್ಚು. ಬೆಳಿಗ್ಗೆಯಿಂದ ಜನ. ಕುಂಕುಮ ಇಟ್ಟವರು, ಬುರ್ಖಾ ಹಾಕಿದವರು, ಪರೀಕ್ಷೆ ಬರೆಯುವ ಮಕ್ಕಳು, ಕೆಲಸ ಹುಡುಕುತ್ತಿರುವವರು. ಕಿರೀಟ ತೊಟ್ಟ, ರಾಜಪೋಷಾಕಿನ ಆ ಪುಟ್ಟ ಮಗುವಿನ ರೂಪ ಬಂದದ್ದು ಯುರೋಪಿನ ಪ್ರಾಗ್ ನಗರದಿಂದ. ಅಲ್ಲಿನ ಕಾರ್ಮೆಲ್ ಸಭೆಯ ಸನ್ಯಾಸಿಗಳಿಗೆ 1628ರಲ್ಲಿ ಪೊಲಿಕ್ಸೆನಾ ಎಂಬ ರಾಜಮನೆತನದ ಹೆಂಗಸು ಒಂದು ಪುಟ್ಟ ಪ್ರತಿಮೆ ಕೊಟ್ಟಳು. ಅದರ ಪ್ರತಿರೂಪಗಳು ಜಗತ್ತೆಲ್ಲ ಹರಡಿದವು. ಮಂಗಳವಾರ ಆದರೆ ಸಂತ ಅಂತೋಣಿಯವರ ದಿನ, ಹೊಸೂರು ರಸ್ತೆಯ ಅವರ ಚರ್ಚಿನಲ್ಲಿ ಜನ. ಮಂಗಳವಾರವೇ ಯಾಕೆ? 1231ರ ಜೂನ್‌ನಲ್ಲಿ ಇಟಲಿಯ ಪಾದುವಾದಲ್ಲಿ ಅವರನ್ನು ಮಣ್ಣು ಮಾಡಿದ್ದು ಒಂದು ಮಂಗಳವಾರ. ಕಳೆದುಹೋದ ವಸ್ತು ಹುಡುಕಿಕೊಡುವ ಸಂತ ಎಂದು ಅವರಿಗೆ ಹೆಸರು. ಅವರ ಪ್ರಾರ್ಥನಾ ಪುಸ್ತಕವನ್ನು ಎತ್ತಿಕೊಂಡು ಹೋಗಿದ್ದ ಹುಡುಗನೊಬ್ಬ, ಅವರು ಪ್ರಾರ್ಥಿಸಿದ ಮೇಲೆ ಅದನ್ನು ವಾಪಸ್ ತಂದುಕೊಟ್ಟ ಎಂಬ ಕಥೆಯಿಂದ ಅದು ಬಂತು. ನಮ್ಮ ಅಜ್ಜಿ ಬೀಗದ ಕೈ ಕಾಣದಿದ್ದರೂ "ಅಂತೋಣಿಯಪ್ಪಾ" ಅನ್ನುತ್ತಿದ್ದರು.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಇಷ್ಟೊಂದು ಸಂತರಿದ್ದಾರಲ್ಲ, ಹಾಗಾದರೆ ನೀವೂ ಬೇರೆ ಬೇರೆ ದೇವರನ್ನು ಪೂಜಿಸುತ್ತೀರಾ? ಇಲ್ಲ. ಆರಾಧನೆ ಒಬ್ಬ ದೇವರಿಗೆ ಮಾತ್ರ. ಸಂತರಿಗೆ ಸಲ್ಲುವುದು ಗೌರವ. ಯೇಸುವಿನ ತಾಯಿ ಮರಿಯಮ್ಮನವರಿಗೆ ಉಳಿದ ಸಂತರಿಗಿಂತ ಹೆಚ್ಚಿನ ಗೌರವ, ಆದರೆ ಅದೂ ಆರಾಧನೆಯಲ್ಲ. ನಾವು ಅವರನ್ನು ಕೇಳುವುದು ನಮಗಾಗಿ ಪ್ರಾರ್ಥಿಸಿ ಎಂದು. ಮನೆಯಲ್ಲಿ ಕಷ್ಟ ಬಂದಾಗ ದೊಡ್ಡವರ ಹತ್ತಿರ ಹೋಗಿ "ನಮಗೋಸ್ಕರ ಒಂದು ಮಾತು ಕೇಳಿಕೊಳ್ಳಿ" ಅನ್ನುವುದಿಲ್ವಾ, ಹಾಗೆ. ಸತ್ತವರು ದೂರವಾಗಿಲ್ಲ, ಅವರೂ ಈ ಕುಟುಂಬದವರೇ ಎಂಬ ನಂಬಿಕೆ ಇದರ ಹಿಂದಿದೆ. ಪ್ರತಿಮೆಯ ಮುಂದೆ ಮೊಣಕಾಲೂರುವವರಿಗೆಲ್ಲ ಈ ವ್ಯತ್ಯಾಸ ಆ ಕ್ಷಣಕ್ಕೆ ನೆನಪಿರುತ್ತದಾ? ಇರಲಿಕ್ಕಿಲ್ಲ. ಕಣ್ಣೀರು ಬರುತ್ತಿರುವಾಗ ಯಾರೂ ಧರ್ಮಶಾಸ್ತ್ರ ಓದುವುದಿಲ್ಲ. ಆದರೆ ಚರ್ಚಿನ ಬೋಧನೆ ಇದೇ.

ಈಗ ಶಿವಾಜಿನಗರಕ್ಕೆ ಹೋಗೋಣ. ಬೆಂಗಳೂರಿನ ಕಥೋಲಿಕ ಬದುಕನ್ನು ಒಂದೇ ಜಾಗದಲ್ಲಿ ನೋಡಬೇಕು ಅಂದರೆ ಸೆಪ್ಟೆಂಬರ್ 8ರ ಸಂಜೆ ಸಂತ ಮರಿಯ ಬೆಸಿಲಿಕಾದ ಹತ್ತಿರ ನಿಲ್ಲಬೇಕು. ರಸೆಲ್ ಮಾರ್ಕೆಟ್‌ನ ಹೂವಿನ ವಾಸನೆ, ಮೇಣದ ಹೊಗೆ, ಬೀದಿ ತುಂಬ ಜನ. ದೀಪಗಳಿಂದ ಸಿಂಗರಿಸಿದ ತೇರಿನಲ್ಲಿ ಸೀರೆ ಉಟ್ಟ ಮಾತೆ, ಕೈಯಲ್ಲಿ ಮಗು. ಮಾತೆಯ ಹುಟ್ಟುಹಬ್ಬ ಅದು. ಆಗಸ್ಟ್ 29ಕ್ಕೆ ಬಾವುಟ ಏರಿಸಿ, ಒಂಬತ್ತು ದಿನ ಪ್ರಾರ್ಥನೆ ಮಾಡಿ, ಆಮೇಲೆ ಹಬ್ಬ. ಒಂಬತ್ತು ದಿನದ ಈ ಪ್ರಾರ್ಥನೆಗೆ ನವೇನ ಎಂದು ಹೆಸರು. ಯೇಸು ಸ್ವರ್ಗಕ್ಕೆ ಏರಿದ ಮೇಲೆ, ಪವಿತ್ರಾತ್ಮರು ಇಳಿದುಬರುವ ತನಕ ಶಿಷ್ಯರು ಮರಿಯಮ್ಮನವರ ಜೊತೆ ಒಂದೇ ಮನೆಯಲ್ಲಿ ಕಾದು ಪ್ರಾರ್ಥಿಸಿದ ದಿನಗಳೂ ಒಂಬತ್ತು.

ಈ ಜಾಗಕ್ಕೆ ಇನ್ನೂರು ವರ್ಷ ದಾಟಿದ ಇತಿಹಾಸ ಇದೆ. ಮೊದಲು ಇಲ್ಲಿದ್ದದ್ದು ಹುಲ್ಲಿನ ಸೂರಿನ ಪುಟ್ಟ ಗುಡಿ, ಕಾಣಿಕೆ ಮಾತೆಯ ಗುಡಿ ಎಂದು ಅದರ ಹೆಸರು. 1799ರಲ್ಲಿ ಟಿಪ್ಪು ಮಡಿದ ನಂತರ ಮೈಸೂರು ಸೀಮೆಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ ಇಲ್ಲಿಯ ಜನಕ್ಕಾಗಿ ಪೂಜೆ ಮಾಡುತ್ತಿದ್ದರು. ಅವರು ನಮ್ಮವರ ಹಾಗೆ ಬಟ್ಟೆ ಉಟ್ಟು, ಮಾಂಸ ಬಿಟ್ಟು ಬದುಕಿದ ಮನುಷ್ಯ. ಸಿಡುಬು ಬರಬಾರದು ಎಂದು ಸಾವಿರಾರು ಜನಕ್ಕೆ ಲಸಿಕೆ ಹಾಕಿಸಿದರು. ಜನ ಅವರನ್ನು ದೊಡ್ಡಸ್ವಾಮಿಯವರು ಅನ್ನುತ್ತಿದ್ದರು. ಈಗ ಕಾಣುವ ಚೂಪು ಗೋಪುರದ ಗಾಥಿಕ್ ಕಟ್ಟಡವನ್ನು ಫಾದರ್ ಕ್ಲೈನರ್ 1875ರಲ್ಲಿ ಶುರು ಮಾಡಿದರು, 1882ರ ಸೆಪ್ಟೆಂಬರ್ 8ರಂದು ಅದರ ಪ್ರತಿಷ್ಠೆ ಆಯಿತು. 1973ರಲ್ಲಿ ಜಗದ್ಗುರು ಆರನೇ ಪೌಲರು ಇದಕ್ಕೆ ಬೆಸಿಲಿಕಾ ಎಂಬ ಪದವಿ ಕೊಟ್ಟರು. ನಾವು ಪೋಪ್ ಅವರನ್ನು ಕನ್ನಡದಲ್ಲಿ ಜಗದ್ಗುರು ಅನ್ನುತ್ತೇವೆ. ಬೆಸಿಲಿಕಾ ಅಂದರೆ ಅವರು ವಿಶೇಷ ಗೌರವ ಕೊಟ್ಟ ಚರ್ಚು, ಅಷ್ಟೇ.

ಮಾತೆಗೆ ಸೀರೆ ಯಾಕೆ ಎಂದು ಹೊರಗಿನಿಂದ ಬಂದವರು ಕೇಳುತ್ತಾರೆ. ನನಗೆ ಈ ಪ್ರಶ್ನೆಯೇ ವಿಚಿತ್ರವಾಗಿ ಕಾಣುತ್ತದೆ. ಇಟಲಿಯ ಚಿತ್ರಗಾರರು ಅವರನ್ನು ಇಟಲಿಯ ಹೆಂಗಸಿನ ಹಾಗೆ ಬರೆದರು. ಮೆಕ್ಸಿಕೊದಲ್ಲಿ ಮಾತೆಯ ಮೈಬಣ್ಣ ಅಲ್ಲಿಯವರದ್ದೇ. ತಾಯಿ ಅಂದ ಮೇಲೆ ಮಕ್ಕಳ ಊರಿನ ಬಟ್ಟೆ ಉಡುತ್ತಾಳೆ. ನಮ್ಮಲ್ಲಿ ಅದು ಸೀರೆ.

ಹೀಗೆ ಊರಿನದಾಗಿಸಿಕೊಳ್ಳುವ ಕೆಲಸದಲ್ಲಿ ಬೆಂಗಳೂರಿನದೇ ಒಂದು ದೊಡ್ಡ ಪಾಲಿದೆ. ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ. 1960ರ ದಶಕದ ತನಕ ಪೂಜೆ ನಡೆಯುತ್ತಿದ್ದುದು ಲ್ಯಾಟಿನ್‌ನಲ್ಲಿ. ನಮ್ಮ ಅಜ್ಜಿಯ ಕಾಲದವರು ಅರ್ಥವಾಗದ ಪ್ರಾರ್ಥನೆಗಳನ್ನು ಬಾಯಿಪಾಠ ಮಾಡಿದ್ದರು. ಫಾದರ್ ಜನರಿಗೆ ಬೆನ್ನು ತಿರುಗಿಸಿ ಪೂಜೆ ಮಾಡುತ್ತಿದ್ದರಂತೆ. 1962ರಿಂದ 1965ರ ವರೆಗೆ ರೋಮಿನಲ್ಲಿ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ ಜನರ ನುಡಿಯಲ್ಲೇ ಪೂಜೆ ನಡೆಯಲಿ ಎಂದು ದಾರಿ ಬಿಟ್ಟಿತು. 1967ರಲ್ಲಿ ಬೆಂಗಳೂರಿನಲ್ಲಿ ಒಂದು ರಾಷ್ಟ್ರೀಯ ಕೇಂದ್ರ ಶುರುವಾಯಿತು. ಬೈಬಲ್, ಧರ್ಮಪಾಠ ಮತ್ತು ಪೂಜಾವಿಧಿಗಾಗಿ. ಫಾದರ್ ಅಮಲೋರ್ಪವದಾಸ್ ಅದರ ಹಿಂದಿನ ಶಕ್ತಿ. ಭಾರತದ ಪೂಜೆಗೆ ಹನ್ನೆರಡು ಬದಲಾವಣೆಗಳಿಗೆ 1969ರಲ್ಲಿ ರೋಮ್ ಒಪ್ಪಿಗೆ ಕೊಟ್ಟಿತು: ಚಪ್ಪಲಿ ಬಿಡುವುದು, ನೆಲದ ಮೇಲೆ ಕೂರುವುದು, ಕೈ ಮುಗಿಯುವುದು, ಎಣ್ಣೆ ದೀಪ, ಆರತಿ ಇಂಥವು. ಎಲ್ಲರೂ ಖುಷಿಯಿಂದ ಒಪ್ಪಿಕೊಳ್ಳಲಿಲ್ಲ. ಇದು ನಮ್ಮದಲ್ಲ ಎಂದು ಚರ್ಚಿನ ಒಳಗಿನವರೇ ವಿರೋಧಿಸಿದರು. ಆದರೆ ಇವತ್ತು ಹಬ್ಬದ ಪೂಜೆಯಲ್ಲಿ ಹುಡುಗಿಯರು ಆರತಿ ತಟ್ಟೆ ಹಿಡಿದು ಬಂದರೆ ಯಾರಿಗೂ ಹೊಸದು ಅನ್ನಿಸುವುದಿಲ್ಲ.

ನುಡಿಯ ವಿಷಯ ಮಾತ್ರ ಅಷ್ಟು ಸುಲಭವಾಗಿ ಮುಗಿಯಲಿಲ್ಲ. ಜನರ ನುಡಿ ಅಂದರೆ ಬೆಂಗಳೂರಿನಲ್ಲಿ ಯಾವ ನುಡಿ? ಒಂದೇ ಚರ್ಚಿನ ಬೋರ್ಡಿನಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಪೂಜೆಯ ಸಮಯ ಬರೆದಿರುತ್ತದೆ, ಕೆಲವು ಕಡೆ ಕೊಂಕಣಿ, ಮಲಯಾಳಂ ಕೂಡ. ಕನ್ನಡದ ಪೂಜೆಗಾಗಿ ಕನ್ನಡ ಕಥೋಲಿಕರು ಹೋರಾಡಬೇಕಾಯಿತು, ಮನಸ್ಸುಗಳು ಮುರಿದವು. ನಾನು ಕನ್ನಡದಲ್ಲೇ ಪ್ರಾರ್ಥಿಸುವ ಮನೆಯಲ್ಲಿ ಬೆಳೆದಿದ್ದರಿಂದ ಆ ನೋವು ಗೊತ್ತು. ಕನ್ನಡ ಈ ನಂಬಿಕೆಗೆ ಹೊಸ ನುಡಿಯಲ್ಲ. ನಮ್ಮ ಮೊದಲ ರಾಷ್ಟ್ರಕವಿ ಗೋವಿಂದ ಪೈಯವರು ಕ್ರೈಸ್ತರಲ್ಲ, ಆದರೂ ಯೇಸುವಿನ ಕೊನೆಯ ದಿನವನ್ನು 'ಗೊಲ್ಗೊಥಾ' ಕಾವ್ಯವಾಗಿ ಬರೆದರು. ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಯೇಸು ಪಟ್ಟ ಪಾಡುಗಳ ನಾಟಕವನ್ನು ಈಸ್ಟರ್‌ಗೆ ಮುಂಚಿನ ಪವಿತ್ರ ವಾರದಲ್ಲಿ ಊರವರೇ ಬಣ್ಣ ಹಚ್ಚಿ ಆಡುತ್ತಾರೆ, ನೂರು ವರ್ಷಕ್ಕೂ ಹಳೆಯ ರೂಢಿ. ರಾತ್ರಿಯೆಲ್ಲ ಬಯಲಲ್ಲಿ ಕೂತು ನೋಡುವ ಜನರಿಗೆ ಯೇಸು ಪರದೇಶದವನು ಎಂದು ಯಾರಾದರೂ ಹೇಳಿದರೆ ಅವರು ನಂಬುವುದಿಲ್ಲ.

ಸಿನಿಮಾ ಈ ವಸ್ತುಗಳನ್ನು ತುಂಬ ಇಷ್ಟಪಡುತ್ತದೆ. ಬಿಳಿ ನಿಲುವಂಗಿಯ ಫಾದರ್, ಸಾಲು ಮೇಣದ ಬತ್ತಿ, ಮರದ ಜಾಲರಿಯ ಹಿಂದೆ ಕೂತು ತಪ್ಪೊಪ್ಪಿಕೊಳ್ಳುವ ನಾಯಕ. ಆ ಮರದ ಗೂಡು ಬಂದದ್ದು 16ನೇ ಶತಮಾನದಲ್ಲಿ. ಈಗ ಎಷ್ಟೋ ಕಡೆ ಎದುರುಬದುರು ಕೂತೇ ಪಾಪನಿವೇದನೆ ಮಾಡುತ್ತೇವೆ. ಸಿನಿಮಾದಲ್ಲಿ ಫಾದರ್ ಅದನ್ನು ಪೊಲೀಸರಿಗೆ ಹೇಳಿಬಿಡುವುದೂ ಉಂಟು. ನಿಜದಲ್ಲಿ ಅದು ಆಗದ ಮಾತು. ಕೇಳಿದ್ದನ್ನು ಯಾರಿಗೂ, ಯಾವ ಕಾರಣಕ್ಕೂ, ಪ್ರಾಣ ಹೋದರೂ ಹೇಳುವ ಹಾಗಿಲ್ಲ. ಬೇಕೆಂದೇ ಬಾಯಿಬಿಟ್ಟ ಗುರು ಆ ಕ್ಷಣವೇ ಚರ್ಚಿನಿಂದ ಹೊರಗಾಗುತ್ತಾನೆ. ಇನ್ನೊಂದು ವಿಷಯ, ಪಾಪನಿವೇದನೆ ಅಂದರೆ ಹೇಳಿ ಹಗುರಾಗುವುದಷ್ಟೇ ಅಲ್ಲ. ಪಶ್ಚಾತ್ತಾಪ ಬೇಕು, ಮತ್ತೆ ಮಾಡೆನು ಎಂಬ ತೀರ್ಮಾನ ಬೇಕು. ಕದ್ದಿದ್ದರೆ ವಾಪಸ್ ಕೊಡಬೇಕು. ಈ ಕೊನೆಯದನ್ನು ಯಾವ ಸಿನಿಮಾದವರಾದರೂ ಚೆನ್ನಾಗಿ ತೋರಿಸಿದರೆ ನಾನು ಮೊದಲ ದಿನವೇ ಹೋಗಿ ನೋಡುತ್ತೇನೆ.

ಹೊಸ ಕಾಲದ ಹುಡುಗರಿಗೆ ಇಷ್ಟವಾಗುವ ಒಬ್ಬ ಸಂತನೂ ಈಗ ಸಿಕ್ಕಿದ್ದಾನೆ. ಕಾರ್ಲೊ ಅಕುತಿಸ್. 1991ರಲ್ಲಿ ಹುಟ್ಟಿ 2006ರಲ್ಲಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡ ಇಟಲಿಯ ಹುಡುಗ, ಕೇವಲ 15 ವರ್ಷ. ಜೀನ್ಸ್ ಹಾಕುತ್ತಿದ್ದ, ವಿಡಿಯೊ ಗೇಮ್ ಆಡುತ್ತಿದ್ದ. ಕಂಪ್ಯೂಟರ್ ಕಲಿತು, ಪರಮಪ್ರಸಾದದ ಪವಾಡಗಳ ಬಗ್ಗೆ ವೆಬ್‌ಸೈಟ್ ಮಾಡಿದ. 2025ರ ಸೆಪ್ಟೆಂಬರ್ 7ರಂದು ಜಗದ್ಗುರು ಹದಿನಾಲ್ಕನೇ ಲಿಯೊ ಅವನನ್ನು ಸಂತ ಎಂದು ಘೋಷಿಸಿದರು. ಸಂತ ಪದವಿ ಸುಮ್ನೆ ಸಿಗುವುದಿಲ್ಲ. ಬದುಕನ್ನೆಲ್ಲ ಜಾಲಾಡುತ್ತಾರೆ. ಅವರ ಮೂಲಕ ಬೇಡಿಕೊಂಡು ಆದ ಒಂದು ಪವಾಡ, ಸಾಮಾನ್ಯವಾಗಿ ವೈದ್ಯರು ವಿವರಿಸಲಾಗದ ಹಾಗೆ ಕಾಯಿಲೆ ವಾಸಿಯಾದದ್ದು, ಖಚಿತವಾದರೆ ಧನ್ಯ. ಇನ್ನೊಂದು ಖಚಿತವಾದರೆ ಸಂತ. ಕಾರ್ಲೊ ವಿಷಯದಲ್ಲಿ ಮೊದಲನೆಯದು ಬ್ರೆಜಿಲ್‌ನ ಒಬ್ಬ ಹುಡುಗ, ಎರಡನೆಯದು ಸೈಕಲ್‌ನಿಂದ ಬಿದ್ದು ತಲೆಗೆ ಪೆಟ್ಟಾಗಿದ್ದ ಒಬ್ಬ ವಿದ್ಯಾರ್ಥಿನಿ. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂರುವ ಈ ಊರಿನ ಮಕ್ಕಳಿಗೆ, ಕೀಬೋರ್ಡು ಹಿಡಿದ ಕೈಯೂ ಪ್ರಾರ್ಥಿಸಬಹುದು ಎಂದು ಅವನು ತೋರಿಸಿಕೊಟ್ಟ.

ಸಂತರ ಹೆಸರುಗಳು ಬೆಂಗಳೂರಿನ ಬಾಯಲ್ಲಿ ದಿನಾ ಓಡಾಡುತ್ತವೆ, ಯಾರು ಎಂದು ಗೊತ್ತಿಲ್ಲದೆಯೇ. "ಮಾರ್ಥಾಸ್‌ನಲ್ಲಿ ಹೆರಿಗೆ ಆಯ್ತು" ಅನ್ನುತ್ತಾರೆ. ಗುಡ್ ಶೆಫರ್ಡ್ ಸಭೆಯ ಸಿಸ್ಟರ್‌ಗಳು 1886ರಲ್ಲಿ ಶುರು ಮಾಡಿದ ಆಸ್ಪತ್ರೆ ಅದು. ಮಾರ್ಥಾ ಯಾರು? ಯೇಸು ಮನೆಗೆ ಬಂದಾಗ ಅಡುಗೆ, ಉಪಚಾರ ಅಂತ ಓಡಾಡಿ ದಣಿದ ಹೆಂಗಸು. ತಂಗಿ ಸುಮ್ಮನೆ ಕೂತು ಮಾತು ಕೇಳುತ್ತಿದ್ದಾಳೆ, ಅವಳಿಗೂ ಸ್ವಲ್ಪ ಕೆಲಸ ಮಾಡಲು ಹೇಳಿ ಎಂದು ಯೇಸುವಿನ ಹತ್ತಿರವೇ ದೂರು ಕೊಟ್ಟವಳು. ಆಸ್ಪತ್ರೆಗೆ ಇದಕ್ಕಿಂತ ಒಪ್ಪುವ ಹೆಸರು ಇಲ್ಲ ಎಂದು ನನಗೆ ಅನ್ನಿಸುತ್ತದೆ.

ಡಿಸೆಂಬರ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬೇಕರಿಗಳ ಪ್ಲಮ್ ಕೇಕ್, ಬಾಲ್ಕನಿಯ ನಕ್ಷತ್ರ ಎಲ್ಲರಿಗೂ ಗೊತ್ತು. ಮಂಗಳೂರು ಕಡೆಯ ಮನೆಗಳಿಂದ ಹಬ್ಬದ ತಿಂಡಿಗಳ ಕುಸ್ವಾರ್ ತಟ್ಟೆ ಬರುತ್ತದೆ, ಅದರಲ್ಲಿ ನೆವ್ರಿ, ಕಿಡಿಯೊ, ಗುಳಿಯೊ. ಮನೆಮನೆಯಲ್ಲಿ ಕಟ್ಟುವ ಗೋದಲಿಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಪುಟ್ಟ ದೃಶ್ಯಕ್ಕೆ, ಮಾತ್ರ ಎಂಟು ನೂರು ವರ್ಷದ ಕಥೆ ಇದೆ. 1223ರಲ್ಲಿ ಅಸ್ಸೀಸಿಯ ಸಂತ ಫ್ರಾನ್ಸಿಸ್ ಗ್ರೆಚಿಯೊ ಎಂಬ ಊರಿನಲ್ಲಿ ನಿಜವಾದ ಎತ್ತು, ಕತ್ತೆ, ಹುಲ್ಲು ಇಟ್ಟು ಬೆತ್ಲೆಹೇಮನ್ನು ಕಣ್ಣಿಗೆ ಕಾಣಿಸಿದರು. ಓದು ಬಾರದ ಜನರೂ ಮುಟ್ಟಿ ನೋಡಲಿ ಎಂದು.

ಇನ್ನು ಜಪಸರ. 1980ರ ದಶಕದಲ್ಲಿ ಮಡೋನಾ ಎಂಬ ಅಮೆರಿಕದ ಹಾಡುಗಾರ್ತಿ ಅದನ್ನು ಕೊರಳಿಗೆ ಹಾಕಿಕೊಂಡ ಮೇಲೆ ಅದು ಫ್ಯಾಶನ್ ಆಯಿತು. ಈಗಲೂ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಸರದ ಹಾಗೆ ಕೊಳ್ಳುತ್ತಾರೆ. ಅದು ಒಡವೆಯಲ್ಲ, ಎಣಿಸುವ ಸಾಧನ. 59 ಮಣಿ. 53 ಮಣಿಗೆ 'ನಮೋ ಮರಿಯಾ', 6 ಮಣಿಗೆ ಯೇಸು ಕಲಿಸಿದ ಪ್ರಾರ್ಥನೆ. ಬಾಯಿ ಅದೇ ಮಾತನ್ನು ಮತ್ತೆ ಮತ್ತೆ ಹೇಳುತ್ತದೆ, ಬೆರಳು ಮಣಿ ಜರುಗಿಸುತ್ತದೆ, ಮನಸ್ಸು ಮಾತ್ರ ಯೇಸುವಿನ ಬದುಕಿನ ಒಂದೊಂದು ಘಟನೆಯ ಮುಂದೆ ನಿಲ್ಲುತ್ತದೆ. ಅವನು ಹುಟ್ಟಿದ್ದು, ಕಳೆದುಹೋಗಿ ಸಿಕ್ಕಿದ್ದು, ಶಿಲುಬೆ ಹೊತ್ತದ್ದು. ಲಾಲಿ ಹಾಡಿನಲ್ಲಿ ಮಾತು ಮರುಕಳಿಸುವುದಿಲ್ವಾ? ಹಾಗೆ.

ಅಕ್ಟೋಬರ್ ಜಪಸರದ ತಿಂಗಳು. ನಮ್ಮ ಬಡಾವಣೆಯಲ್ಲಿ ಮಾತೆಯ ಪುಟ್ಟ ಪ್ರತಿಮೆ ದಿನಕ್ಕೊಂದು ಮನೆಗೆ ಹೋಗುತ್ತದೆ. ಸಂಜೆ ಏಳಕ್ಕೆ ಎಲ್ಲರೂ ಆ ಮನೆಯಲ್ಲಿ ಸೇರಿ ಜಪಸರ ಹೇಳುತ್ತೇವೆ. ಮುಗಿದ ಮೇಲೆ ಟೀ, ಕಡಲೆ ಉಸಲಿ. ಹೋದ ವರ್ಷ ನಮ್ಮ ಸರದಿ ಬಂದ ದಿನ ಪಕ್ಕದ ಮನೆಯ ಆಂಟಿ ಬಾಗಿಲಲ್ಲಿ ನಿಂತು, "ನಾನೂ ಕೂತ್ಕೋಬಹುದಾ?" ಅಂದರು. ಅವರ ಕೈಯಲ್ಲಿ ಎರಡು ಮೊಳ ಮಲ್ಲಿಗೆ ಇತ್ತು. ಅವರೇ ಮಾತೆಗೆ ಮುಡಿಸಿದರು. ಕೊರಳಿನ ತನಕ ಕೈ ಎಟುಕದ್ದಕ್ಕೆ ನಮ್ಮ ಮಗಳು ಸ್ಟೂಲ್ ತಂದುಕೊಟ್ಟಳು. ಅವರಿಗೆ ಪ್ರಾರ್ಥನೆ ಬರುತ್ತಿರಲಿಲ್ಲ. ಅಜ್ಜಿಯ ಹಳೆಯ ಜಪಸರ ಕೊಟ್ಟೆ, ನಾವು ಹೇಳುತ್ತಾ ಹೋದ ಹಾಗೆ ಅವರು ಒಂದೊಂದೇ ಮಣಿ ಜರುಗಿಸುತ್ತಾ ಕೂತರು.